ಕಾರ್ಡಿಗೆ ಹೂಡಿದ ಒಲೆ

ದಿನಸಿ ಮನೆಯ ಹೆಸರೆತ್ತಿದರೆ ಸಾಕು, ಶಿವಣ್ಣ ಮೊದಮೊದಲು ಜಗಲಿಯ ಅಂಚಿಗೆ ಎಲೆಯಡಿಕೆ ಉಗಿಯುತ್ತಿದ್ದ.

"ಅದೂ ಒಂದು ಅಂಗಡಿಯೇನ್ಲಾ? ತಿರುಪೆಯೋರು ಸಾಲು ನಿಲ್ಲೋ ಜಾಗ. ನಮ್ಮನೆ ಎಣ್ಮಕ್ಳು ಅಲ್ಲಿಗೋಗಿ ಸೆರಗೊಡ್ಡಾದು ಉಂಟಾ?" ಎಂದು ಮಗ ಚಂದ್ರಶೇಖರನ ಮೇಲೆ ಹಾರಿಬೀಳುತ್ತಿದ್ದ.

ಮಗ ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದ. ಶಿವಣ್ಣನ ಹೆಂಡತಿ ವಿಶಾಲಮ್ಮ ಒಂದು ಚೊಂಬು ನೀರು ತಂದು ಜಗಲಿ ತೊಳೆಯುತ್ತಿದ್ದಳು. ಈ ಗಂಡಸಿನ ಉಗುಳು ತೊಳೆಯುವುದರಲ್ಲೇ ಅವಳ ಅರ್ಧ ಆಯಸ್ಸು ಸವೆದಿತ್ತು.

ದಿನಸಿ ಮನೆ ಇದ್ದದ್ದು ಪಕ್ಕದೂರು ಚಿಕ್ಕಯ್ಯನಛತ್ರದಲ್ಲಿ, ಹಾಲಿನ ಡೈರಿಯ ಪಕ್ಕದ ಹಳೇ ಗೋದಾಮಿನಲ್ಲಿ. ರಿಟೈರಾದ ಕೃಷ್ಣಕುಮಾರ್ ಮೇಷ್ಟ್ರು ಮತ್ತು ಸುತ್ತಲಿನ ಹೆಣ್ಣುಮಕ್ಕಳ ಸಂಘದವರು ಸೇರಿ ಅದನ್ನು ನಡೆಸುತ್ತಿದ್ದರು. ಮೈಸೂರಿನ ಸಂತೇಪೇಟೆಯಿಂದ ಮೂಟೆಗಟ್ಟಲೆ ತಂದು, ತಾವೇ ಕೇರಿ, ಕಲ್ಲು ಆರಿಸಿ, ಪೊಟ್ಟಣ ಕಟ್ಟಿ, ತೊಗರಿಬೇಳೆ, ಎಣ್ಣೆ, ಸಕ್ಕರೆ, ಸೋಪನ್ನು ಕಾರ್ಡು ಇದ್ದವರಿಗೆ ಅರ್ಧ ಬೆಲೆಗೆ ಕೊಡುತ್ತಿದ್ದರು. ಉಳ್ಳವರು ಪೂರಾ ಬೆಲೆ ಕೊಟ್ಟು ಅಲ್ಲೇ ಕೊಂಡರೆ ಆ ಲಾಭ ಇಲ್ಲದವರ ಪಾಲಿಗೆ. "ಸೊಸೈಟಿ ಅಕ್ಕಿ ಸರ್ಕಾರ ಕೊಡುತ್ತೆ ಸರಿ. ಬರೀ ಅನ್ನಕ್ಕೆ ನೀರು ಹುಯ್ಕೊಂಡು ಉಣ್ಣೋಕಾಗುತ್ತಾ?" ಎನ್ನುವುದು ಮೇಷ್ಟ್ರ ಮಾತು.

ಅಲ್ಲಿ ಆದಾಯದ ಸರ್ಟಿಫಿಕೇಟು ಕೇಳುತ್ತಿರಲಿಲ್ಲ. ಒಲೆಗೊಂದು ಕಾರ್ಡು. ಆ ಒಲೆಯ ಹೆಂಗಸು ಮೇಷ್ಟ್ರ ಮುಂದೆ ನಿಂತು "ನನ್ನ ಒಲೆಗೆ ಕೊರತೆ ಅದೆ" ಎಂದು ತನ್ನ ಬಾಯಾರೆ ಹೇಳಬೇಕು. ತಿಂಗಳಿಗೆ ಒಂದು ಬೆಳಗ್ಗೆ ಹೋಗಿ ಕಾಳು ಹಸನು ಮಾಡಿಕೊಡಬೇಕು. ಅಷ್ಟೇ.

ಸೊಸೆ ಶಾಲಿನಿ ಹೋಗಿ ಹೇಳಿಬಂದಿದ್ದಳು. ತಾಂಡ್ಯದ ನೂಲಿನ ಫ್ಯಾಕ್ಟರಿಯಲ್ಲಿ ಚಂದ್ರಶೇಖರನಿಗೆ ಕಂಟ್ರಾಕ್ಟರು ವಾರಕ್ಕೆ ಎರಡೇ ಶಿಫ್ಟು ಕೊಡಲು ಶುರುಮಾಡಿದ್ದ. ಎರಡೂವರೆ ಎಕರೆ ನಾಲೆ ಗದ್ದೆಯ ಭತ್ತ, ಎರಡು ಹಸುವಿನ ಹಾಲು, ಎಲ್ಲದರ ದುಡ್ಡೂ ಶಿವಣ್ಣನ ಒಳಜೇಬಿಗೆ ಹೋಗುತ್ತಿತ್ತು. ಹೋದದ್ದು ಮತ್ತೆ ಬೆಳಕು ಕಾಣುತ್ತಿರಲಿಲ್ಲ.

"ಹೇಳೋಕೆ ನಾಲಿಗೇನೇ ಏಳಲಿಲ್ಲ ಅತ್ತೆ. ಗದ್ದೆ ಇರೋ ಮನೆ ಸೊಸೆ ಅಂತ ಎಲ್ರಿಗೂ ಗೊತ್ತು. ಆದ್ರೂ ಹೇಳ್ದೆ. ತೇಜು ತಟ್ಟೇಲಿ ಬೇಳೆ ಹುಡುಕ್ತಾಳೆ, ಬರೀ ಹುಣಿಸೆ ನೀರು" ಎಂದು ಸೊಸೆ ಅಡುಗೆಮನೆಯಲ್ಲಿ ಮಗಳ ತಟ್ಟೆ ತೊಳೆಯುತ್ತ ಪಿಸುಗುಟ್ಟಿದಾಗ ವಿಶಾಲಮ್ಮ ಅವಳ ಬೆನ್ನು ಸವರಿದ್ದಳು. "ಒಳ್ಳೇದು ಮಾಡ್ದೆ ಕಣವ್ವ. ನಿಮ್ ಮಾವನ ಬಾಯಿಗೆ ಎದ್ರಿದ್ರೆ ಮಗು ಉಪವಾಸ."

ಶಿವಣ್ಣನ ಆಚಾರವೆಲ್ಲ ಒಂದು ಎಣ್ಣೆ ಪ್ಯಾಕೆಟ್ಟಿನ ಬೆಲೆ ಕೇಳುವವರೆಗೆ ಮಾತ್ರ. ಕೇಳಿದ ಮರುದಿನವೇ "ಅಷ್ಟು ದೂರ ನೀನ್ಯಾಕವ್ವ ನಡೀತೀಯೆ, ನಾನೇ ತತ್ತೀನಿ" ಎಂದು ಸೊಸೆಯ ಕೈಯಿಂದ ಕಾರ್ಡು ಈಸಿಕೊಂಡು ಟಿವಿಎಸ್ ಏರಿದ. ಅಂದಿನಿಂದ ದಿನಸಿ ತರುವ ಕೆಲಸ ಅವನದೇ. ಹಸನು ಮಾಡುವ ಕೆಲಸಕ್ಕೆ ಮಾತ್ರ ಸೊಸೆ.

"ಮಾವ, ಬೇಳೆ ಅರ್ಧಾನೇ ಇದೆ?"

"ದಾಸ್ತಾನು ಕಮ್ಮಿಯಂತೆ ಕಣವ್ವ. ಕೊಟ್ಟಷ್ಟು ತಂದಿವ್ನಿ."

ಮನೆಯ ಎದುರಿಗೆ ಟೀ ಹೋಟೆಲಿಟ್ಟಿದ್ದ ಕಲ್ಲಯ್ಯನ ಬಾಣಲೆಗೆ ಯಾವ ಎಣ್ಣೆ ಹೋಗುತ್ತಿತ್ತೆಂದು ವಿಶಾಲಮ್ಮನಿಗೆ ತಿಳಿಯಲು ತಡವಾಗಲಿಲ್ಲ. ಬೋಂಡ ಕಟ್ಟಿಸಿಕೊಳ್ಳಲು ಹೋದವಳ ಕಣ್ಣಿಗೆ ದಿನಸಿ ಮನೆಯ ಹಸಿರು ಚೀಟಿ ಅಂಟಿಸಿದ ಪ್ಯಾಕೆಟ್ಟೇ ಬಿತ್ತು. ಮನೆಗೆ ಬಂದು ಕೇಳಿದರೆ "ಮೆಲ್ಲಕ್ಕೆ ಮಾತಾಡೇ" ಎಂದ. ತಿರುಪೆಯೋರ ಅಂಗಡಿ ಎಂದವನು ತಿರುಪೆಯ ಎಣ್ಣೆಯನ್ನೇ ಮಾರಿಕೊಳ್ಳುತ್ತಿದ್ದ. ಹೇಳೋದು ಆಚಾರ, ತಿನ್ನೋದು ಬದನೇಕಾಯಿ! ಬೋಂಡದ ಪೊಟ್ಟಣವನ್ನು ಅವಳು ನಾಯಿಗೆ ಹಾಕಿದಳು.

ಹೀಗಿರುವಾಗ ಒಂದು ಸಂಜೆ ಊಟಕ್ಕೆ ಕೂತವನು ಮುಗುಳ್ನಗುತ್ತ ಮಾತು ತೆಗೆದ.

"ನಮ್ಮೂರಿಗೆ ಇನ್ನೊಂದೇ ಕಾರ್ಡು ಉಳ್ದದಂತೆ. ಒಲೆಗೊಂದು ಅಲ್ವಾ? ಹಿಂದ್ಗಡೆ ಸೂರಿನ ಕೆಳಗೆ ಇನ್ನೊಂದು ಒಲೆ ಹೂಡದು. ನಾನು, ನಿಮ್ಮವ್ವ ಅತ್ಲಾಗೆ. ನೀವು ಮೂರು ಜನ ಇತ್ಲಾಗೆ. ಒಲೆ ಬೇರೆ ಆದ್ರೆ ಮನೆ ಪಾಲಾದಂಗೇ ಲೆಕ್ಕ. ಎರಡು ಕಾರ್ಡು!"

"ಅಪ್ಪಾಜಿ, ಮೇಷ್ಟ್ರು ಬಂದು ನೋಡ್ತಾರೆ" ಎಂದ ಚಂದ್ರಶೇಖರ.

"ನೋಡ್ಲಿ ಬುಡ್ಲಾ. ಹೇಳ್ಕಂಡು ಬರಾಕಿಲ್ಲ ಅವ್ರು, ಗೊತ್ತು. ಅದ್ಕೇ ಅವ್ರು ಬರೋಗಂಟ ದಿನಾ ಅಲ್ಲೇ ಬೇಯಿಸಿ ಅಲ್ಲೇ ಉಣ್ಣದು. ಆಮ್ಯಾಲೆ ಒಲೆ ಕಿತ್ತಾಕುದ್ರೆ ಆಯ್ತು."

"ಒಲೆಯೋಳು ಕೊರತೆ ಅದೆ ಅಂತ ಹೇಳ್ಬೇಕಲ್ಲ, ಯಾರು ಹೇಳೋರು?" ಎಂದಳು ವಿಶಾಲಮ್ಮ.

"ನೀನು. ಇನ್ಯಾರು?"

ವಿಶಾಲಮ್ಮ ಸಾರಿನ ಸೌಟನ್ನು ಪಾತ್ರೆಗೆ ಬಿಟ್ಟಳು. ಕಣಜದಲ್ಲಿ ಭತ್ತ ಇಟ್ಟುಕೊಂಡು, ಗಂಡನ ಒಳಜೇಬು ಉಬ್ಬಿರುವುದು ಗೊತ್ತಿದ್ದೂ, ಆ ಮಾತು ಹೇಗೆ ಹೇಳುವುದು? ಶಾಲಿನಿ ಅತ್ತೆಯ ಮುಖ ನೋಡಿದಳು. ಚಂದ್ರಶೇಖರ ಅಪ್ಪನ ಮುಖ ನೋಡಿದ. ಬೇಡ ಎಂದವರು ಯಾರೂ ಇಲ್ಲ. ಮಾರನೇ ಬೆಳಗ್ಗೆ ಬಚ್ಚಲ ಪಕ್ಕದ ಸೂರಿನ ಕೆಳಗೆ ಮೂರು ಕಲ್ಲು ಬಂದು ಕೂತವು.

ಮೊದಲ ವಾರ ತಮಾಷೆಯಾಗೇ ಇತ್ತು. ಮೊಮ್ಮಗಳು ತೇಜಸ್ವಿನಿಗೆ ಎರಡು ಮನೆ ಆಟ. ಅಜ್ಜಿಯ ಒಲೆಯಲ್ಲಿ ಒಂದು ತುತ್ತು, ಅಮ್ಮನ ಹತ್ತಿರ ಒಂದು ತುತ್ತು. ವಿಶಾಲಮ್ಮ ಉಪ್ಸಾರು ಮಾಡಿದರೆ ಒಂದು ಬಟ್ಟಲು ಒಳಗೆ ಹೋಗುತ್ತಿತ್ತು, ಶಾಲಿನಿ ಹುರುಳಿ ಸಾರು ಮಾಡಿದರೆ ಒಂದು ಬಟ್ಟಲು ಹೊರಗೆ ಬರುತ್ತಿತ್ತು. ಹಸಿ ಸೌದೆಯ ಹೊಗೆಗೆ ವಿಶಾಲಮ್ಮನ ಕಣ್ಣು ಕೆಂಡವಾಗುತ್ತಿತ್ತು. "ಒಳಗೆ ಗ್ಯಾಸಿಟ್ಕೊಂಡು ಇದೇನು ಕರ್ಮ ಅತ್ತೆ" ಎಂದು ಸೊಸೆ ನಗುತ್ತಿದ್ದಳು, ಇವಳೂ ನಗುತ್ತಿದ್ದಳು.

ಎರಡನೇ ವಾರ ಶಿವಣ್ಣ ಬಟ್ಟಲು ನಿಲ್ಲಿಸಿದ.

"ಕಲ್ಲಯ್ಯನ ಕಣ್ಣೆಲ್ಲ ನಮ್ಮಂಗಳದ ಮ್ಯಾಲೇ ಅದೆ. ಇಲ್ಲಿಂದಲ್ಲಿಗೆ ಸಾರು ಓಡಾಡುದ್ರೆ ಒಲೆ ಬೇರೆ ಅಂತ ಯಾವನು ನಂಬಾನು? ಉಪ್ಪಿನ ಡಬ್ಬಾನೂ ಬೇರೆ ಮಾಡು."

ಉಪ್ಪು ಬೇರೆಯಾಯಿತು. ಹುಣಿಸೆಹಣ್ಣು, ಮೆಣಸಿನಕಾಯಿ, ಕೊನೆಗೆ ಮೊಸರಿನ ಹೆಪ್ಪು ಬೇರೆಯಾಯಿತು. ಒಂದೊಂದು ಬೇರೆಯಾದಾಗಲೂ ಶಿವಣ್ಣನ ಮುಖದಲ್ಲಿ ಕಳೆ ಏರುತ್ತಿತ್ತು. ಹೆಂಡತಿಗೆ ಅದು ಬೇಗ ಅರ್ಥವಾಯಿತು. ಮೂರು ಜನರ ಊಟ ಅವನ ತಲೆಯಿಂದ ಇಳಿದಿತ್ತು. ಮಗನ ಸಂಸಾರಕ್ಕೆ ರಾಗಿ ಅಳೆದು ಕೊಡುವುದೂ ತಪ್ಪಿತ್ತು.

ಮೂರನೇ ವಾರ ಹಾಲಿನ ಸರದಿ.

"ತಾತ, ಹಾಲು?" ಎಂದು ಲೋಟ ಹಿಡಿದು ಬಂದ ಮಗುವಿಗೆ ಅವನು, "ನಿಮ್ಮವ್ವನ್ನ ಕೇಳೋಗು. ಈಗ ಒಲೆ ಬೇರೆ ಅಲ್ವಾ" ಎಂದ. ತೇಜು ತಮಾಷೆಯೆಂದುಕೊಂಡು ಕಿಲಕಿಲ ನಕ್ಕಳು. ಅವನು ನಗಲಿಲ್ಲ. ಕ್ಯಾನಿನ ಮುಚ್ಚಳ ಹಾಕಿ ಡೈರಿಗೆ ಹೊರಟ.

ಶಾಲಿನಿ ಬಾಗಿಲಿಗೆ ಬಂದಳು. "ಮಾವ, ಇದು ನಾಟಕ ಅಂತ ನೀವೇ ಹೇಳಿದ್ದು."

"ನಾಟಕ ಆಡುದ್ರೂ ನೆಟ್ಟಗೆ ಆಡ್ಬೇಕು ಕಣವ್ವ. ಹಸ ನನ್ ಹೆಸರ್ನಲ್ಲವೆ, ಹಾಲೂ ನಂದೇ ಲೆಕ್ಕ."

"ಹೊತ್ತಾರೆ ಎದ್ದು ಕರೆಯೋಳು ನಾನು."

"ಕರೀಬ್ಯಾಡ ಬುಡು. ಕಾಲಿಗೆ ಬಿದ್ದಿದ್ನಾ?"

ಮಾರನೇ ದಿನದಿಂದ ಶಾಲಿನಿ ಕೊಟ್ಟಿಗೆಯ ಕಡೆ ಸುಳಿಯಲಿಲ್ಲ. ಮಂಡಿನೋವಿನ ವಿಶಾಲಮ್ಮ ಕುಕ್ಕರುಗಾಲಲ್ಲಿ ಕೂತು ಹಾಲು ಕರೆದಳು. ಒಂದು ಲೋಟ ಹಾಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೊಮ್ಮಗಳಿಗೆ ಕೊಟ್ಟುಬರುವಾಗ ಗಂಡನ ಕಣ್ಣಿಗೆ ಬಿದ್ದಳು. ಅವನು ಬಯ್ಯಲಿಲ್ಲ. ಮರುದಿನದಿಂದ ಹಾಲು ಕರೆಯುವಾಗ ಪಕ್ಕದಲ್ಲೇ ನಿಂತ. ಥೂ! ಸ್ವಂತ ಮೊಮ್ಮಗಳ ಬಾಯಿಗೆ ಕಾವಲು ನಿಲ್ಲುವ ಜನ್ಮವೂ ಒಂದು ಜನ್ಮವೇ? ಅವಳಿಗೆ ಅವನ ಕಾಲು ಕಂಡರೂ ಹೇಸಿಗೆಯಾಯಿತು.

ಒಳಗೆ ಗಂಡಹೆಂಡಿರ ಜಗಳ ಹೊರಗಿನ ಒಲೆಯವರೆಗೂ ಕೇಳುತ್ತಿತ್ತು.

"ನಾಲ್ಕು ದಿನ ಸುಮ್ಕಿರೇ. ಅಪ್ಪಾಜಿ ಹೇಳವ್ರಲ್ಲ, ಕಾರ್ಡು ಬಂದ್ಮೇಲೆ ಎಲ್ಲ ಮೊದಲಿನಂಗೇ."

"ನಿಮ್ಮಪ್ಪಾಜಿ ಹೊಟ್ಟೆಗೆ ಮೊದಲಿನಂಗೆ ಆಗೋದು ಬೇಕಾಗಿಲ್ಲ ರೀ. ಅದನ್ನ ನೋಡೋಕೂ ನಿಮಗೆ ಕಣ್ಣಿಲ್ವಾ?"

ಚಂದ್ರಶೇಖರ ಶಿಫ್ಟಿಲ್ಲದ ದಿನವೂ ತಾಂಡ್ಯದ ಬಸ್ಸು ಹತ್ತುತ್ತಿದ್ದ.

ಇದರ ನಡುವೆ ಕೆಂಪಾಜಮ್ಮ ವಾಪಸು ಬಂದಳು. ಈ ಮನೆಯ ಕೊಟ್ಟಿಗೆ ಬಾಚುವವಳು. ಮಗಳ ಬಾಣಂತನಕ್ಕೆಂದು ನರಸೀಪುರಕ್ಕೆ ಹೋದವಳು ಅಲ್ಲೇ ಉಳಿದಿದ್ದರಿಂದ ಊರಿನಲ್ಲಿ ಕಾರ್ಡು ಕೊಟ್ಟಾಗ ಅವಳಿರಲಿಲ್ಲ. ಗಂಡ ಮಲ್ಲಯ್ಯ ತೆಂಗಿನಮರದಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ. ಬಂದವಳೇ ಕೊಟ್ಟಿಗೆಗೆ ಕೈ ಹಾಕುವ ಮೊದಲು ಸೂರಿನ ಕೆಳಗಿನ ಒಲೆಯ ಮುಂದೆ ನಿಂತಳು.

"ಇದ್ಯಾವಾಗ ಹೂಡುದ್ರಿ ಅವ್ವಾರೆ?"

"ಒಂದಷ್ಟು ದಿನ ಆಯ್ತು."

"ಮನೆ ಪಾಲಾಯ್ತಾ?"

ವಿಶಾಲಮ್ಮ ಊದುಕೊಳವೆ ಬಾಯಿಗಿಟ್ಟುಕೊಂಡು ಬೆಂಕಿ ಊದಿದಳು. ಉರಿಯುತ್ತಿದ್ದ ಬೆಂಕಿಯನ್ನೇ ಊದಿದಳು.

"ನಿನ್ನೆ ದಿನಸಿ ಮನೆಗೋಗಿದ್ದೆ. ಒಂದೇ ಕಾರ್ಡು ಉಳ್ದದೆ, ಅದ್ನ ನಿಮ್ಮನೆಯೋರು ಮುಂಚೇನೇ ಕೇಳವ್ರೆ ಅಂದ್ರು ಮೇಷ್ಟ್ರು. ಅವ್ರದು ಆಗ್ದಿದ್ರೆ ನಿಂಗೆ ಅಂದ್ರು. ಸೊಸೈಟಿ ಅಕ್ಕಿ ಅದೆ ಅವ್ವಾರೆ, ಸುಳ್ಳು ಯಾಕೇಳ್ಲಿ. ಅನ್ನಕ್ಕೆ ಉಪ್ಪು ಮೆಣಸಿನಕಾಯಿ ನುರ್ಕಂಡು ಉಣ್ತೀವಿ. ಮಲಗಿರೋ ಗಂಡಸಿಗೆ ಒಸಿ ಬೇಳೆಕಟ್ಟು ಕುಡಿಸುದ್ರೆ ಎದ್ದು ಕೂತಾನು ಅಂತ ಡಾಕ್ಟ್ರು ಅಂದವ್ರೆ."

"ನನ್ನೇನ್ ಕೇಳೀಯೆ ಕೆಂಪಾಜಿ? ಎಲ್ಲ ಅವರ್ದೇ ದರ್ಬಾರು."

"ಹೇಳ್ಬೇಕಾದೋರು ನೀವಲ್ವಾ? ಒಲೆಯೋಳು ಹೇಳ್ಬೇಕು ಅಂದ್ರಪ್ಪ ಮೇಷ್ಟ್ರು." ಕೆಂಪಾಜಮ್ಮ ಮಂಕರಿ ಎತ್ತಿಕೊಂಡಳು. "ದಿನಾ ಸಗಣಿ ಬಾಚೋಳು ನಾನು. ಆದ್ರೂ ನಾತ ಯಾವ್ದು ಅಂತ ನಂಗೂ ತಿಳೀತದೆ ಕಣ್ರವ್ವ."

ವಿಶಾಲಮ್ಮನಿಗೆ ಕೆನ್ನೆಗೆ ಹೊಡೆದಂತಾಯಿತು. ಬೇರೆ ದಿನವಾಗಿದ್ದರೆ, ನಮ್ಮ ಮನೆ ಅಂಗಳದಲ್ಲಿ ನಿಂತು ಏನು ಮಾತಾಡ್ತೀಯೆ ಎಂದು ಗದರುತ್ತಿದ್ದಳೇನೋ. ಅಂದು ಊದುಕೊಳವೆಯನ್ನೇ ಮತ್ತೆ ಬಾಯಿಗಿಟ್ಟುಕೊಂಡಳು. ಮಧ್ಯಾಹ್ನ ಮುದ್ದೆ ಹಾಗೇ ತಟ್ಟೆಯಲ್ಲಿ ಒಣಗಿತು.

ಮಾರನೇ ಬೆಳಗ್ಗೆ ಸೌದೆಗೆಂದು ಅಟ್ಟ ಹತ್ತಿದಳು. ಮೂಲೆಯಲ್ಲಿ, ಅವಳ ಮದುವೆಯ ಟ್ರಂಕಿನ ಒಳಗಿಂದ ಕರಕರ ಸದ್ದು. ಇಲಿಯೆಂದುಕೊಂಡು ಮುಚ್ಚಳ ಎತ್ತಿದರೆ ಹಸಿರು ಚೀಟಿಯ ಪೊಟ್ಟಣಗಳು. ಒಂದರ ಮೇಲೊಂದು ತೊಗರಿಬೇಳೆ. ದಾಸ್ತಾನು ಕಮ್ಮಿ ಎಂದು ತಿಂಗಳು ತಿಂಗಳೂ ಸೊಸೆಗೆ ಸುಳ್ಳು ಹೇಳಿ ತೆಗೆದಿಟ್ಟ ಅರ್ಧ ಪಾಲು. ಪೊಟ್ಟಣದ ತುಂಬ ಕಪ್ಪು ಹುಳ. ಎತ್ತಿಕೊಂಡರೆ ಬೆರಳಿನಿಂದ ಮೊಣಕೈಗೆ, ಮೊಣಕೈಯಿಂದ ರವಿಕೆಯೊಳಗೆ ಹರಿದವು. ಹಳದಿ ಹಿಟ್ಟು ಉದುರಿ ಮೂಗಿಗೆ ಮುಗ್ಗಲು ನಾತ ಬಡಿಯಿತು.  ಏಣಿ ಇಳಿಯುವಷ್ಟರಲ್ಲಿ ಅವಳಿಗೆ ವಾಂತಿಯೇ ಆಯಿತು.

"ಇದೇನ್ರೀ? ಮಗು ಬೇಳೆ ಬೇಳೆ ಅಂತ ಬಾಯಿ ಬಾಯಿ ಬುಡ್ತಿದ್ರೆ ಹುಳಕ್ಕೆ ಇಕ್ಕಿದ್ದೀರಲ್ರೀ!"

ಶಿವಣ್ಣ ಬೇಜಾರು ಮಾಡಿಕೊಳ್ಳಲಿಲ್ಲ. "ಅಯ್ಯೋ, ಹುಳ ಬಿತ್ತಾ? ರೇಟು ಏರ್ಲಿ ಅಂತ ಮಡಗಿದ್ದೆ ಕಣೆ. ಏನೂ ಆಗಿಲ್ಲ, ಬಿಸಿಲ್ಗಾಕಿ ಕೇರ್ಬುಡು. ಹೋಟ್ಲಿಗೆ ನಡೀತದೆ."

ಹುಲ್ಲಿನ ಮೆದೆ ಮೇಲಿನ ನಾಯಿ ತಾನೂ ತಿನ್ನದು, ಎತ್ತಿಗೂ ಬಿಡದು. ಇವನು ಆ ನಾಯಿಗಿಂತ ಕಡೆ. ಹುಳ ತಿಂದದ್ದನ್ನೂ ಮಾರಲು ಹೊರಟವನು. ವಿಶಾಲಮ್ಮ ಹಿಂದಿನ ಅಂಗಳದಲ್ಲಿ ಈಚಲು ಚಾಪೆ ಹಾಸಿ ಬೇಳೆ ಸುರಿದಳು. ಹುಳಗಳು ಬಿಸಿಲಿಗೆ ದಿಕ್ಕಾಪಾಲಾಗಿ ಹರಿದವು. ಅವಳಿನ್ನೂ ಮೊರ ಎತ್ತಿರಲಿಲ್ಲ, ಮುಂಬಾಗಿಲಿನಿಂದ ಮೇಷ್ಟ್ರ ದನಿ ಕೇಳಿತು.

"ಶಿವಣ್ಣಾ, ಮನೇಲಿದ್ದೀರಾ?"

ಶಿವಣ್ಣ ಎಂದೂ ಕಾಣದ ಚುರುಕಿನಲ್ಲಿ ಕೊಟ್ಟಿಗೆಗೆ ಓಡಿ ಒಂದು ಗೋಣಿತಾಟು ಎಳೆದುತಂದ. ಬೇಳೆಯ ಮೇಲೆ ಹೊದಿಸಿ, ಅದರ ಮೇಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. "ಬನ್ನಿ ಸಾ, ಇಲ್ಲೇ ಬನ್ನಿ. ಸೊಂಟ ಹಿಡ್ಕಂಡದೆ, ಏಳಕ್ಕಾಯ್ತಿಲ್ಲ" ಎಂದು ಕೂಗಿದ.

ಕೃಷ್ಣಕುಮಾರ್ ಮೇಷ್ಟ್ರು ಕೊಡೆ ಮಡಚಿಕೊಂಡು ಬಂದರು. ಶಾಲಿನಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಮೇಷ್ಟ್ರು ಒಳಗಿನ ಒಲೆ ನೋಡಿದರು. ಹೊರಗಿನ ಒಲೆಯ ಮುಂದೆ ಬಗ್ಗಿ ಬೂದಿ ನೋಡಿದರು, ಮಸಿ ಹಿಡಿದ ಪಾತ್ರೆ ನೋಡಿದರು, ಉಪ್ಪಿನ ಡಬ್ಬ ತೆಗೆದು ನೋಡಿದರು.

"ಒಲೆ ಬೇರೆ ಆಗಿರೋದು ನಿಜ" ಎಂದರು. ಆ ಮಾತಿನಲ್ಲಿ ಸಂತೋಷವಿರಲಿಲ್ಲ. "ಒಟ್ಟಿಗಿದ್ದ ಮನೆ. ಹೋಗಲಿ. ವಿಶಾಲಮ್ಮ, ಈಗ ನೀವು ಹೇಳಬೇಕು. ನಿಮ್ಮ ಒಲೆಗೆ ಕೊರತೆ ಇದೆಯಾ?"

ಶಿವಣ್ಣ ಕಣ್ಣಿನಲ್ಲೇ ಹೆಂಡತಿಯನ್ನು ತಿವಿದ. ಅವನ ಬಿಳಿ ಪಂಚೆಯ ಮೇಲೆ ಒಂದು ಹುಳ ಹತ್ತುತ್ತಿತ್ತು, ಅದರ ಹಿಂದೆ ಇನ್ನೊಂದು. ಹುಳಗಳು ಸೊಂಟದ ಪಟ್ಟಿ ದಾಟಿ ಬನಿಯನ್ನಿಗೆ ಬಂದವು. ಅವನು ಕೆರೆದುಕೊಳ್ಳಲಾರದೆ, ಏಳಲಾರದೆ, ಹಲ್ಲು ಕಿರಿದುಕೊಂಡು ಕೂತಿದ್ದ. ಇಷ್ಟು ವರ್ಷ ಇವನ ಎಂಜಲು ತಟ್ಟೆಯಲ್ಲಿ ಉಂಡೆನಲ್ಲ ಎಂದು ವಿಶಾಲಮ್ಮನಿಗೆ ತನ್ನ ಮೇಲೇ ಅಸಹ್ಯ ಉಕ್ಕಿತು.

"ಕೊರತೆ ಇಲ್ಲ ಮೇಷ್ಟ್ರೇ" ಎಂದಳು.

"ಲೇ!" ಎಂದ ಶಿವಣ್ಣ.

"ಇಲ್ಲ. ಕಣಜದಲ್ಲಿ ಭತ್ತ ಅದೆ, ಹಾಲಿನ ದುಡ್ಡು ಬತ್ತದೆ. ಬೇಳೆ ಎಷ್ಟದೆ ಅಂತ ಬೇಕಾದ್ರೆ ಅವರನ್ನ ಎಬ್ಬಿಸಿ ನೋಡಿ."

ಮೇಷ್ಟ್ರು ಎಬ್ಬಿಸಬೇಕಾಗಲಿಲ್ಲ. ಬೆನ್ನಿಗೆ ಏರಿದ ಹುಳ ಕಚ್ಚಿತೋ ಏನೋ, ಶಿವಣ್ಣ ತಾನೇ ಚಂಗನೆ ಎದ್ದು ಪಂಚೆ ಕೊಡವತೊಡಗಿದ. ಗೋಣಿತಾಟು ಸರಿಯಿತು. ಮೇಷ್ಟ್ರು ಬಗ್ಗಿ ಒಂದು ಹಿಡಿ ಬೇಳೆ ಎತ್ತಿಕೊಂಡು ನೋಡಿ, ಹಾಗೇ ಚಾಪೆಗೆ ಬಿಟ್ಟು ಕೈ ಒರೆಸಿಕೊಂಡರು.

"ಇದರ ಕಲ್ಲು ಆರಿಸಿದವರಲ್ಲಿ ನಿಮ್ಮ ಸೊಸೇನೂ ಒಬ್ಳು, ಶಿವಣ್ಣ" ಎಂದರಷ್ಟೇ. ಆಮೇಲೆ ಶಾಲಿನಿಯ ಕಡೆ ತಿರುಗಿ, "ನಿನ್ನ ಕಾರ್ಡು ಇರುತ್ತೆ ತಾಯಿ. ಇನ್ನು ಮೇಲೆ ದಿನಸಿಗೆ ನೀನೇ ಬಾ, ಬೇರೆಯವರ ಕೈಗೆ ಕೊಡಲ್ಲ. ಉಳಿದಿರೋ ಕಾರ್ಡು ಕೆಂಪಾಜಮ್ಮಂಗೆ" ಎಂದು ಕೊಡೆ ಬಿಚ್ಚಿ ಹೊರಟರು.

ಅವರು ಬೀದಿ ತಿರುಗುವುದೇ ತಡ, ಶಿವಣ್ಣನ ಬಾಯಿ ಬಿಚ್ಚಿತು. "ಮನೆಹಾಳಿ! ಕಟ್ಕಂಡ ಗಂಡನ್ನ ಬೀದಿಗೆ ತಂದ್ಯಲ್ಲೇ! ಮೂರ್ಕಾಸಿನ ಸಗಣಿಯೋಳಿಗೋಸ್ಕರ!" ಬೈದು ಬೈದು ದಣಿದು, ಸೂರಿನ ಕೆಳಗೆ ಗೋಡೆಗೊರಗಿ ಕೂತ.  ವಿಶಾಲಮ್ಮ ಉಪ್ಪಿನ ಡಬ್ಬ, ಹುಣಿಸೆಹಣ್ಣಿನ ಗಡಿಗೆ, ತನ್ನ ತಟ್ಟೆ ಎತ್ತಿಕೊಂಡು ಅಡುಗೆಮನೆಯ ಹೊಸ್ತಿಲಿಗೆ ಬಂದಳು.

"ಆಯ್ತಲ್ಲವ್ವ ನಾಟಕ. ಆ ಕಲ್ಲು ಕಿತ್ತಾಕನ. ಮೊದಲಿನಂಗೆ ಎಲ್ಲ ಒಟ್ಗೆ ಉಣ್ಣನ."

ಶಾಲಿನಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನೀವು ಬನ್ನಿ ಅತ್ತೆ. ನಿಮ್ಮ ತಟ್ಟೆಗೆ ಇಲ್ಲಿ ಯಾವತ್ತೂ ಜಾಗ ಇದೆ. ಮಾವನ ತಟ್ಟೆ ಬೇಡ."

"ಅವ್ವಾ ತಾಯಿ, ಅಂಗನ್ಬ್ಯಾಡ. ವಯಸ್ಸಾದ ಗಂಡಸು. ಒಲೆ ಹತ್ತಿಸಾಕೂ ಬರಾಕಿಲ್ಲ."

"ನನ್ನ ಮಗಳು ಲೋಟ ಹಿಡ್ಕೊಂಡು ನಿಂತಾಗ ಅವರಿಗೆ ಕ್ಯಾನಿನ ಮುಚ್ಚಳ ಹಾಕೋಕೆ ಬಂತು. ಇನ್ನೊಂದ್ಸಲ ಆ ಕೈಗೆ ಬಡಿಸೋಕೆ ನನ್ನಿಂದಾಗಲ್ಲ. ನಿಮ್ಮ ಮಗ ಬಂದು ಹೇಳಿದ್ರೂ ಅಷ್ಟೇ, ನೀವು ಹೇಳಿದ್ರೂ ಅಷ್ಟೇ."

ವಿಶಾಲಮ್ಮ ಹೊಸ್ತಿಲಲ್ಲೇ ನಿಂತಳು. ನಿಜ ಹೇಳಿದರೆ ಮನೆ ಒಂದಾಗುತ್ತದೆಂದು ಅವಳು ನಂಬಿದ್ದಳು. ಸುಳ್ಳಿಗೆ ಹೂಡಿದ ಒಲೆ ಯಾವಾಗಲೋ ನಿಜವಾಗಿಬಿಟ್ಟಿತ್ತು, ಇನ್ನು ಕಲ್ಲು ಕಿತ್ತರೂ ಹೋಗುವಂಥದ್ದಲ್ಲ. ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡಳು.

ಸೂರಿನ ಕೆಳಗಿಂದ ಕೂಗು ಬಂತು. "ಏನೇ, ಹೊತ್ತೆಷ್ಟಾಯ್ತು? ಉಣ್ಣಕ್ಕಿಕ್ಕಾಕಿಲ್ವಾ?"

ಮದುವೆಯಾದಂದಿನಿಂದ ಆ ಕೂಗಿಗೆ ಅವಳ ಕಾಲು ತಾನಾಗಿ ಓಡುತ್ತಿತ್ತು. ಗಂಡ ಉಣ್ಣುವ ಮೊದಲು ಒಂದು ತುತ್ತೂ ಬಾಯಿಗಿಟ್ಟವಳಲ್ಲ. ಅವಳು ತಟ್ಟೆ ತೆಗೆದುಕೊಂಡು ಹೋಗಿ ತೇಜಸ್ವಿನಿಯ ಪಕ್ಕದಲ್ಲಿ ಕೂತಳು. ಶಾಲಿನಿ ಬಿಸಿ ಮುದ್ದೆ ಇಟ್ಟು ಸಾರು ಬಿಟ್ಟಳು. ವಿಶಾಲಮ್ಮ ಮುರಿದು, ಅದ್ದಿ, ನುಂಗಿದಳು.

"ಏನೇ! ಕಿವುಡಾ?"

"ಅಲ್ಲೇ ಅದೆಯಲ್ರೀ ನಿಮ್ಮೊಲೆ" ಎಂದು ಅವಳು ಕೂತಲ್ಲಿಂದಲೇ ಕೂಗಿದಳು. "ಸೌದೆ ಅದೆ, ಬೇಳೆ ಅದೆ. ಬೇಯಿಸ್ಕಂಡು ಉಣ್ಣಿ."

 ತಟ್ಟೆ ಮುಂದಕ್ಕೆ ನೂಕಿ ಸೊಸೆಗೆ, "ಇನ್ನೊಸಿ ಸಾರು ಬುಡವ್ವ" ಎಂದಳು.